ಮುಚ್ಚದೆ ಉಳಿದ ಗುರುವಾರ

ನಮ್ಮೂರಿನಲ್ಲಿ ನಾಳೆ ಯಾವ ವಾರ ಎಂಬುದು ಇವತ್ತು ಯಾರಿಗೂ ಗೊತ್ತಿರುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾರದ ಕಚೇರಿಯ ಕಂಪ್ಯೂಟರು ಅದನ್ನು ಬರೆಯುತ್ತದೆ. ಬೆಳಿಗ್ಗೆ ಅಲ್ಲಿನ ಉಸ್ತುವಾರಿಯ ಹನುಮಕ್ಕನವರು ಅದನ್ನು ಕಚೇರಿಯ ಮುಂದಿನ ಕರಿಹಲಗೆಗೆ ಇಳಿಸಿ ಗಂಟೆ ಹೊಡೆಯುತ್ತಾರೆ. ಆಮೇಲೆ ಊರು ಏಳುತ್ತದೆ. ಒಮ್ಮೊಮ್ಮೆ ಮೂರು ಮಂಗಳವಾರ ಸಾಲಾಗಿ ಬಂದು, ಕ್ಷೌರದಂಗಡಿ ತೆರೆಯದೆ, ಗಂಡಸರೆಲ್ಲ ಕರಡಿಗಳಂತೆ ಓಡಾಡುತ್ತಾರೆ. ಒಂದು ಸಲ ನಲವತ್ತು ದಿನ ಭಾನುವಾರವೇ ಬರಲಿಲ್ಲ. ಶಾಲೆಯ ಮಕ್ಕಳು ಮೇಷ್ಟ್ರ ಮುಖ ನೋಡಿ ನೋಡಿ ಸುಸ್ತಾದರು, ಮೇಷ್ಟ್ರೂ ಅಷ್ಟೇ. ಮದುವೆಗೆ ಕರೆಯುವವರು ನಮ್ಮಲ್ಲಿ 'ಇನ್ನು ಎರಡನೆಯ ಶುಕ್ರವಾರ' ಎನ್ನುತ್ತಾರೆ, ಅಡುಗೆಯವನಿಗೆ ಮಾತ್ರ 'ಅದು ಬಂದಾಗ ನೀನೂ ಬಾ' ಎನ್ನುತ್ತಾರೆ. ಹೊರಗಿನವರು ನಕ್ಕರೆ ನಮಗೇನೂ ಬೇಜಾರಿಲ್ಲ. ಅವರ ಊರಿನಲ್ಲಿ ಸೋಮವಾರ ತಪ್ಪದೆ ಬರುತ್ತದಂತೆ, ಪಾಪ.

ನಾನು ಮಲ್ಲಾಜಮ್ಮ. ಬಸ್ ನಿಲ್ದಾಣದ ಪಕ್ಕದಲ್ಲಿ ಮಿಕ್ಸಿ, ರೇಡಿಯೋ, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ ಇಟ್ಟಿದ್ದೇನೆ. ಯಾವ ವಸ್ತುವನ್ನೂ ಬಿಚ್ಚಿ ನೋಡದೆ ಬಿಡುವ ಜಾಯಮಾನ ನನ್ನದಲ್ಲ. 'ಇವಳ ಕೈಗೆ ಗಂಡ ಸಿಕ್ಕಿದರೆ ಅವನನ್ನೂ ಬಿಚ್ಚಿ ನೋಡುತ್ತಾಳೆ' ಎಂದು ನಮ್ಮವ್ವ ಹೇಳುತ್ತಿದ್ದಳು. ಆ ಮಾತು ಊರೆಲ್ಲ ಹರಡಿಯೋ ಏನೋ, ಯಾರೂ ಸಿಕ್ಕಲಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ದೊಡ್ಡಮ್ಮ ಇಬ್ಬರೇ. ಈ ಸಲ ಹೆರಿಗೆಗೆಂದು ತಂಗಿ ಜಯಸುಧಾ ಬಂದಿದ್ದಳು. ದೊಡ್ಡಮ್ಮನೇ ಊರಿಗೆಲ್ಲ ಸೂಲಗಿತ್ತಿಯಾದ್ದರಿಂದ ನನಗೆ ಆ ಬಗ್ಗೆ ಚಿಂತೆಯಿರಲಿಲ್ಲ.

ಚಿಂತೆ ಬಂದದ್ದು ಕಂಪ್ಯೂಟರಿನಿಂದ. ಮೊದಲು ಕಚೇರಿಯಲ್ಲಿದ್ದದ್ದು ಹಸಿರು ಅಕ್ಷರದ ಹಳೆಯ ಕಂಪ್ಯೂಟರು. ಅಂಚಿಗೆ ತೂತುಗಳಿದ್ದ ಕಾಗದದ ಮೇಲೆ ಅದು ದಿನಕ್ಕೊಂದು ಸಾಲನ್ನು ಕರಕರ ಎಂದು ಅಚ್ಚು ಹಾಕುತ್ತಿತ್ತು. ಒಂದು ದಿನ ಅದರ ಬೆನ್ನಿನಿಂದ ಹೊಗೆ ಬಂತು. ಹೊರಗಿನಿಂದ ಮೋಟಾರ್ ಬೈಕಿನಲ್ಲಿ ಒಬ್ಬ ಇಂಜಿನಿಯರ್ ಬಂದು, ಹೊಸ ಕಂಪ್ಯೂಟರ್ ಇಟ್ಟು, ಹಳೆಯದನ್ನು ಇಡಿಯಾಗಿ ಹೊಸದರ ಹೊಟ್ಟೆಯೊಳಗೆ ಕೂರಿಸಿದ್ದೇನೆ ಎಂದ. ನಿಜಕ್ಕೂ ಹೊಸ ಪರದೆಯ ನಡುವೆ ಒಂದು ಚೌಕವಿತ್ತು. ಚೌಕದೊಳಗೆ ಅದೇ ಕರಿಯ ನೆಲ, ಅದೇ ಹಸಿರು ಅಕ್ಷರ. ಒಳಗಿರುವ ಹಳೆಯದಕ್ಕೆ ತಾನು ಇನ್ನೊಂದರ ಒಳಗಿದ್ದೇನೆಂಬುದೇ ಗೊತ್ತಿಲ್ಲ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ ಎಂದು ಅವನು ಹೇಳಿದ. ಊರಿನವರು ಒಂದೇ ದಿನದಲ್ಲಿ ಆ ಹೊಸ ಕಂಪ್ಯೂಟರಿಗೆ ಬಸುರಿ ಎಂದು ಹೆಸರಿಟ್ಟರು.

ಒಳಗಿನದಕ್ಕೆ ಈಗ ಅಚ್ಚು ಹಾಕುವ ಯಂತ್ರವಿಲ್ಲವಲ್ಲ, ಅದಕ್ಕೆ ಅವನು ಒಂದು ಉಪಾಯ ಮಾಡಿದ್ದ. ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಎರಡೂ ಕಡೆ ಬಾಗಿಲಿರುವ ಗೂಡು ಇರುತ್ತದಲ್ಲ, ಅಂಥದ್ದೊಂದು ಫೋಲ್ಡರು. ಒಳಗಿನದು ನಾಳೆಯ ವಾರವನ್ನು ಒಂದು ಫೈಲಿನಲ್ಲಿ ಬರೆದು ಆ ಗೂಡಿನಲ್ಲಿ ಇಡಬೇಕು, ಹೊರಗಿನದು ಅಲ್ಲಿಂದ ತೆಗೆದು ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸಬೇಕು. ಅವನು ಎದುರಿಗೇ ಮಾಡಿ ತೋರಿಸಿದ. 'ಗುರುವಾರ' ಎಂದು ಬಂತು. ಕಿಟಕಿಯಾಚೆ ನೆರೆದಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಅವನು ಬೈಕ್ ಹತ್ತಿ ಹೋದ.

ಆ ಗುರುವಾರ ಮಧ್ಯಾಹ್ನ ಜಯಸುಧಾಗೆ ಹೆಣ್ಣುಮಗು ಹುಟ್ಟಿತು. ಮರುದಿನ ಬೆಳಿಗ್ಗೆ ಹೊರಗಿನ ಪರದೆ ಖಾಲಿ. ಹೊಸ ವಾರ ಬಾರದೆ ಹಲಗೆ ಒರೆಸುವಂತಿಲ್ಲ, ಹಾಗಾಗಿ ಗುರುವಾರವೇ ಉಳಿಯಿತು. ಅದರ ಮರುದಿನವೂ ಗುರುವಾರ. ಶಾಲೆಯ ಹೆಡ್‌ಮೇಷ್ಟ್ರು ತಡೆಯಲಾರದೆ ತಾವೇ ಸೀಮೆಸುಣ್ಣ ತೆಗೆದುಕೊಂಡು ಶುಕ್ರವಾರ ಎಂದು ಬರೆದು ನೋಡಿದರು. ಯಾರೂ ನಂಬಲಿಲ್ಲ, ಶುಕ್ರವಾರದ ಬಸ್ಸೂ ಬರಲಿಲ್ಲ. ಪಂಚಾಯಿತಿಯವರು ಇಂಜಿನಿಯರಿಗೆ ಕಾಗದ ಬರೆದರು. ಆದರೆ ಕಾಗದ ಹೋಗಬೇಕಾದದ್ದೂ ಆ ಶುಕ್ರವಾರದ ಬಸ್ಸಿನಲ್ಲೇ. ಹೋಟೆಲಿನಲ್ಲಿ ಗುರುವಾರದ ಉಪ್ಪಿಟ್ಟು ಬಿಟ್ಟು ಬೇರೇನೂ ಇಲ್ಲ. ಶಾಲೆಯಲ್ಲಿ ದಿನವೂ ಎರಡು ಪೀರಿಯಡ್ ಗಣಿತ. ನಮ್ಮ ಎದುರುಮನೆಯ ಬೋರಲಿಂಗಯ್ಯ ಗುರುವಾರ ಒಪ್ಪೊತ್ತು ಇರುವವರು, ವಾರ ಕಳೆಯುವಷ್ಟರಲ್ಲಿ ಪಂಚೆ ನಿಲ್ಲದಂತಾಗಿ ಬೆಲ್ಟು ಕಟ್ಟಿದರು.

ಇದೆಲ್ಲ ನಗುವ ವಿಷಯವೇ, ನಾನೂ ನಕ್ಕವಳೇ. ಆದರೆ ಬಾಣಂತಿ ಕೋಣೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ನಮ್ಮಲ್ಲಿ ಮೊದಲ ದಿನ ಬಾಣಂತಿಗೆ ಗಾಳಿಯಿಲ್ಲ, ಬೆಳಕಿಲ್ಲ, ಬೆಳ್ಳುಳ್ಳಿ ಹಾಕಿದ ತೆಳ್ಳನೆಯ ಗಂಜಿ ಮಾತ್ರ. ಮೂರನೆಯ ದಿನ ಮೊದಲ ನೀರು ಹಾಕಿ ಮೆಣಸಿನ ಸಾರು ಅನ್ನ ಕೊಡುತ್ತಾರೆ. ಐದನೆಯ ದಿನ ತಾಯಿ ಮಗು ಅಂಗಳಕ್ಕೆ ಬಂದು ಬಿಸಿಲು ನೋಡಬೇಕು. ಹನ್ನೊಂದಕ್ಕೆ ಹೆಸರು. ಹಲಗೆಯ ಮೇಲಿನದ್ದೇ ದಿನ ಎನ್ನುವ ದೊಡ್ಡಮ್ಮನ ಲೆಕ್ಕದಲ್ಲಿ ನನ್ನ ತಂಗಿಗೆ ಒಂದು ವಾರದಿಂದ ಮೊದಲನೆಯ ದಿನ ನಡೆಯುತ್ತಿತ್ತು. ನೀರು ಕಾಣದ ಮೈ, ಸಾಂಬ್ರಾಣಿಯ ಹೊಗೆ, ಅದೇ ಗಂಜಿ. ಎದೆಯಲ್ಲಿ ಹಾಲು ಕಡಿಮೆಯಾಗುತ್ತ ಬಂತು. ಮಗು ಹಸಿವಿಗೆ ಅಳುತ್ತಿತ್ತು.

ಒಂಬತ್ತನೆಯ ಬೆಳಿಗ್ಗೆ ಕದ್ದು ಎರಡು ತುತ್ತು ಸಾರನ್ನ ಒಯ್ದೆ. ದೊಡ್ಡಮ್ಮ ಬಾಗಿಲಲ್ಲೇ ಹಿಡಿದಳು.

"ನಾನು ನಲವತ್ತು ವರ್ಷದಿಂದ ಹೆರಿಗೆ ಮಾಡಿಸ್ತಾ ಇದೀನಿ, ಒಂದು ತಾಯಿನೂ ಕಳಕೊಂಡಿಲ್ಲ. ಮೊದಲ್ನೇ ದಿನ ಅನ್ನ ಕೊಟ್ಟು ನಂಜಾದ್ರೆ ನೀನು ರಿಪೇರಿ ಮಾಡ್ತೀಯೇನೆ?" ಎಂದಳು. ಅವಳ ಕಣ್ಣೂ ಕೆಂಪಾಗಿತ್ತು. ಅವಳಿಗೂ ಕರುಳು ಚುರುಕ್ ಎನ್ನುತ್ತಿದೆ, ಆದರೆ ಕಟ್ಟು ಮೀರುವ ಧೈರ್ಯವಿಲ್ಲ ಎಂದು ನನಗೆ ಗೊತ್ತಾಯಿತು.

ಒಳಗಿನಿಂದ ಜಯಸುಧಾ ನಿಧಾನವಾಗಿ ಹೇಳಿದಳು, "ಅಕ್ಕ, ಜಗಳ ಆಡಬ್ಯಾಡಿ. ಆ ಬಸುರೀನ ಹೋಗಿ ನೋಡು. ನಿನ್ ಕೈಗೆ ಸಿಕ್ಕಿದ್ದೆಲ್ಲ ಬಿಚ್ತೀಯಲ್ಲ, ಅದನ್ನೂ ಬಿಚ್ಚು."

ವಾರದ ಕಚೇರಿಯೊಳಗೆ ಊರಿನವರು ಕಾಲಿಡುವ ಪದ್ಧತಿಯಿಲ್ಲ. ನಾನು ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡು ನೇರ ಹೋಗಿ ನಿಂತೆ. ಹನುಮಕ್ಕನವರು ಮೇಜಿನ ಹಿಂದೆ ಕೂತಿದ್ದರು. ಅರವತ್ತರ ಹತ್ತಿರದ ಹೆಂಗಸು, ಒಣಕಲು ಮೈ, ಬಾಯಲ್ಲಿ ಸದಾ ಒಂದು ಲವಂಗ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಪ್ಪಲಿ ಹೊರಗೆ ಬಿಡು" ಎಂದರು. ಒಳಗೆ ಬಾ ಎಂದೇ ಅದರರ್ಥ.

ಯಂತ್ರದ ಮುಂದೆ ಕೂತದ್ದೇ ತಡ, ನನಗೆ ಹೊಸ ಲೋಕವೇ ತೆರೆದ ಹಾಗಾಯಿತು. ತಂಗಿಯ ಕಷ್ಟ ಒಂದು ಕಡೆ ಇದ್ದರೂ, ಒಂದು ಕಂಪ್ಯೂಟರು ಇನ್ನೊಂದರ ಒಳಗೆ ಕಣ್ಣು ಮಿಟುಕಿಸುತ್ತ ಕೂತಿರುವುದನ್ನು ನೋಡಿ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು. ಕೀಲಿಮಣೆಯ ಮೂಲೆಯ ಒಂದು ಕೀಲಿಗೆ ಹಣೆಗಿಡುವ ಸ್ಟಿಕ್ಕರ್ ಅಂಟಿಸಿತ್ತು. ಏನಿದು ಎಂದೆ. "ಅದನ್ನ ಮುಟ್ಟಬಾರದು, ಅದಕ್ಕೇ ಬೊಟ್ಟು" ಎಂದರು ಹನುಮಕ್ಕ. ಇಂಜಿನಿಯರ್ ಬಿಟ್ಟುಹೋಗಿದ್ದ ಎರಡು ಹಾಳೆಗಳನ್ನು ನಾನು ಮೂರು ಸಲ ಓದಿದೆ.

ಮೊದಲು ಗೂಡು ಸರಿಯಿದೆಯೇ ಎಂದು ನೋಡಬೇಕಿತ್ತು. ಹೊರಗಿನಿಂದ ಒಂದು ಸಣ್ಣ ಫೈಲು ಮಾಡಿ, 'ಮಲ್ಲಾಜಿ ಬಂದಿದ್ದಾಳೆ' ಎಂದು ಬರೆದು ಗೂಡಿನಲ್ಲಿಟ್ಟೆ. ಒಳಗಿನ ಹಸಿರು ಪಟ್ಟಿಯಲ್ಲಿ ಅದು ಕಾಣಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡೆ. ಹಾಳೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತಿತ್ತು: ಒಳಗಿನದು ಗೂಡನ್ನು ಒಂದು ಸಲ ನೋಡಿ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಇಟ್ಟದ್ದನ್ನು ಕಾಣಬೇಕಾದರೆ 'ಮತ್ತೊಮ್ಮೆ ನೋಡು' ಎಂದು ಎರಡು ಕೀಲಿ ಒತ್ತಿ ಹೇಳಬೇಕು. ಒತ್ತಿದೆ. ನನ್ನ ಹೆಸರು ಹಸಿರು ಅಕ್ಷರದಲ್ಲಿ ಒಳಗಿನಿಂದ ನನ್ನನ್ನೇ ನೋಡಿತು. ನಾನು ಒಬ್ಬಳೇ ನಕ್ಕೆ. ಹನುಮಕ್ಕ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು.

ಹೊರಗಿನಿಂದ ಒಳಗೆ ದಾರಿಯಿದೆ ಎಂದಾಯಿತು. ಒಳಗಿನಿಂದ ಹೊರಗೆ? ಅಲ್ಲೇ ಇತ್ತು ತಮಾಷೆ. ನಾಳೆಯ ವಾರದ ಫೈಲು ಹೊರಗಿನ ಗೂಡಿನಲ್ಲಿ ಇದ್ದೇ ಇತ್ತು. ಹೆಸರಿದೆ, ಗಾತ್ರ ಸೊನ್ನೆ. ಗಿಂಡಿ ಇದೆ, ನೀರಿಲ್ಲ. ಸಂಜೆ ದೀಪದ ಹೊತ್ತಿಗೆ ಒಳಗಿನದು ಟಕ್ ಎಂದು ಏನೋ ಬರೆದದ್ದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಮತ್ತೆ ಸೊನ್ನೆ.

ಮರುದಿನ ಒಂದು ಯೋಚನೆ ಹೊಳೆಯಿತು. ಹಾಳೆಯಲ್ಲಿದ್ದ ಹಾಗೆ ಮಾಡಿ, ಹೊಸದರ ಹೊಟ್ಟೆಯಲ್ಲಿ ಇನ್ನೊಂದು ಹಳೆಯದನ್ನು ಎಬ್ಬಿಸಿದೆ. ಈಗ ಎರಡು ಚೌಕ. "ಬಸುರಿಗೆ ಅವಳಿ ಕಣಕ್ಕ" ಎಂದೆ. ಹನುಮಕ್ಕ ಮೊದಲ ಸಲ ನಕ್ಕರು. ಎರಡನೆಯ ಚೌಕದಲ್ಲಿ ಒಂದು ಫೈಲು ತೆರೆದು ನಾಲ್ಕು ಮಾತು ಬರೆದೆ. ಹೊರಗೆ ನೋಡಿದರೆ ಸೊನ್ನೆ. ಕೈ ತಪ್ಪಿ ಅಲ್ಲ, ಬೇಕೆಂದೇ, ಹಾಳೆಯಲ್ಲಿದ್ದ ಆಜ್ಞೆ ಬರೆದು ಫೈಲು ಮುಚ್ಚಿದೆ. ಆ ಕ್ಷಣವೇ ಹೊರಗೆ ನಾಲ್ಕೂ ಮಾತು ಬಂದವು. ಮತ್ತೆ ತೆರೆದೆ, ಬರೆದೆ, ಸೊನ್ನೆ. ಮುಚ್ಚಿದೆ, ಬಂತು. ಮೂರು ಸಲ ಮಾಡಿದ ಮೇಲೆ ಕುರ್ಚಿಗೆ ಒರಗಿ ಕೂತೆ. ಗೂಡಿನಲ್ಲಿ ದೋಷವಿಲ್ಲ. ಒಳಗಿನದು ಪಾತ್ರೆ ಇಟ್ಟಿದೆ, ಕೈ ಮಾತ್ರ ಬಿಟ್ಟಿಲ್ಲ. ಬರೆದದ್ದೆಲ್ಲ ಅದರ ಕೈಯಲ್ಲೇ ಇದೆ. ಕಂಪ್ಯೂಟರನ್ನು ಸುಮ್ಮನೆ ಆರಿಸಿಬಿಟ್ಟರೆ ಅಷ್ಟೂ ಚೆಲ್ಲಿಹೋಗುತ್ತದೆ. ಫೈಲನ್ನು ಕ್ರಮವಾಗಿ ಮುಚ್ಚಬೇಕು, ಅಷ್ಟೇ.

"ಹನುಮಕ್ಕ, ನೀವು ಇದನ್ನ ಮುಚ್ಚೋದು ಯಾವಾಗ?" ಎಂದೆ.

"ಯಾಕೆ ಮುಚ್ಚಲಿ?" ಎಂದರು.

ಆಗ ನಾನು ತಲೆಯೆತ್ತಿ ಆ ಕೋಣೆಯನ್ನು ಸರಿಯಾಗಿ ನೋಡಿದೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಹಿಂದಿನ ಕಾಲದ ವಾರದ ಪುಸ್ತಕಗಳಿದ್ದವು, ಒಂದೊಂದೂ ತೆರೆದೇ ಇತ್ತು, ಹಾಳೆಗಳ ಮೇಲೆ ಒಂದೊಂದು ಕಲ್ಲು. ಪುಸ್ತಕ ತುಂಬಿದರೆ ಹೊಸದನ್ನು ತೆರೆದಿಟ್ಟು ಹಳೆಯದನ್ನು ತೆರೆದ ಹಾಗೆಯೇ ಮೇಲಿಡುವುದು ಪದ್ಧತಿಯಂತೆ. ಮಾಡು ಸೋರಿದಾಗ ಹನುಮಕ್ಕನ ಮಾವ ರಾತ್ರಿಯಿಡೀ ಪುಸ್ತಕಕ್ಕೆ ಕೊಡೆ ಹಿಡಿದು ಕೂತಿದ್ದರಂತೆ, ಮುಚ್ಚಲಿಲ್ಲ. ಹಳೆಯ ಕಂಪ್ಯೂಟರಿನಲ್ಲೂ ಹನುಮಕ್ಕ ಇಪ್ಪತ್ತೆಂಟು ವರ್ಷ ಫೈಲು ಮುಚ್ಚಿರಲಿಲ್ಲ. ಅಲ್ಲಿ ಪ್ರತಿ ಸಾಲೂ ನೇರ ಕಾಗದಕ್ಕೆ ಹೋಗುತ್ತಿದ್ದುದರಿಂದ ಮುಚ್ಚುವ ಅಗತ್ಯವೂ ಬೀಳಲಿಲ್ಲ. ಇಂಜಿನಿಯರ್ ಪರೀಕ್ಷೆ ಮಾಡುವಾಗ ತೆರೆದು, ಬರೆದು, ಎಲ್ಲರಂತೆ ಮುಚ್ಚಿದ್ದ. ಅವನಿಗೆ ಕೆಲಸ ಮಾಡಿತು. ಮುಚ್ಚದವರೂ ಭೂಮಿಯ ಮೇಲೆ ಇದ್ದಾರೆಂದು ಅವನಿಗೆ ಹೇಗೆ ಗೊತ್ತಾಗಬೇಕು. ವಾರದ ಫೈಲನ್ನು ಮುಚ್ಚುವ ಕೀಲಿ ಯಾವುದೆಂದು ನಾನು ಕೇಳಲಿಲ್ಲ, ಬೊಟ್ಟು ಕಾಣುತ್ತಲೇ ಇತ್ತು.

ನಾನು ಕಂಡುಕೊಂಡದ್ದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, ಆಗುವುದಿಲ್ಲ ಎಂದರು.

"ಒಂದೇ ಒಂದು ಸಲ ಪುಸ್ತಕ ಮುಚ್ಚಿದ್ರು, ಮಲ್ಲಾಜಿ. ನಮ್ಮ ಮಾವನಿಗೂ ಹಿಂದೆ ಇದ್ದೋರು, ಕುಡಿದ ಮತ್ತಲ್ಲಿ. ಮಾರನೇ ದಿನ ಯಾವ ವಾರನೂ ಬರ್ಲಿಲ್ಲ. ಬೆಳಗಾಯ್ತು, ಬೈಗಾಯ್ತು, ದಿನಕ್ಕೆ ಹೆಸರಿಲ್ಲ. ನಾನು ಹುಟ್ಟಿದ್ದು ಅವತ್ತು."

ನಮ್ಮೂರಿನಲ್ಲಿ ಎಲ್ಲರಿಗೂ ಅವರವರು ಹುಟ್ಟಿದ ವಾರವಿರುತ್ತದೆ. ಅವತ್ತು ಎಣ್ಣೆನೀರು, ಅವತ್ತು ಹೊಸಬಟ್ಟೆ, ಅವತ್ತು ಮನೆಯಲ್ಲಿ ಯಾರೂ ಬೈಯುವಂತಿಲ್ಲ.

"ಚಿಕ್ಕವಳಿದ್ದಾಗ ದಿನಾ ಹಲಗೆ ಮುಂದೆ ಹೋಗಿ ನಿಂತ್ಕೋತಿದ್ದೆ, ಇವತ್ತಾದ್ರೂ ನಂದು ಬರ್ತದೇನೋ ಅಂತ" ಎಂದರು. "ಮುಚ್ಚಿ ಇನ್ನೊಂದು ಕೂಸಿಗೆ ಹಂಗಾಗೋದು ಬ್ಯಾಡ. ನಿನ್ ತಂಗಿ ಮಗೀಗೆ ಗುರುವಾರ ಆದ್ರೂ ಐತಲ್ಲ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ಬೊಟ್ಟು ಕಿತ್ತು ನಾನೇ ಒತ್ತಿ ಓಡಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಇಪ್ಪತ್ತೆಂಟು ವರ್ಷ ಒಬ್ಬರು ಕಾದಿಟ್ಟದ್ದನ್ನು ಹಾಗೆ ಮಾಡಲು ಕೈ ಬರಲಿಲ್ಲ. "ನಾಳೆ ಬೆಳಿಗ್ಗೆ ನಮ್ಮನೆಗೆ ಬನ್ನಿ. ಮುಚ್ಚಬೇಡಿ, ಸುಮ್ನೆ ನೋಡಿ ಹೋಗಿ" ಎಂದು ಕರೆದು ಬಂದೆ.

ಹನ್ನೊಂದನೆಯ ಬೆಳಿಗ್ಗೆ ಬಂದರು. ಬಾಣಂತಿ ಕೋಣೆಯ ಕಿಟಕಿಯ ಸಂದಿಯಿಂದ ನೋಡಿದರು. ಜಯಸುಧಾಳ ಕಣ್ಣು ಗುಳಿ ಬಿದ್ದಿತ್ತು. ಮಗು ಅಳುವುದನ್ನೂ ಬಿಟ್ಟು ಬಾಯಿ ಮಾತ್ರ ಆಡಿಸುತ್ತಿತ್ತು. ಹನುಮಕ್ಕ ದೊಡ್ಡಮ್ಮನ ಕಡೆ ತಿರುಗಿದರು.

"ಏನು ಉಣ್ಣಿಸ್ತಾ ಇದೀರಿ?"

"ಮೊದಲ್ನೇ ದಿನದ ಗಂಜಿ" ಎಂದಳು ದೊಡ್ಡಮ್ಮ, ನೆಲ ನೋಡುತ್ತ.

"ಎಲ್ಲಾ ದಿನಾನೂ?"

"ಎಲ್ಲಾ ಒಂದೇ ದಿನ ಅಲ್ವಾ, ತಾಯಿ."

ಹನುಮಕ್ಕ ಬಾಯಲ್ಲಿದ್ದ ಲವಂಗ ಉಗುಳಿದರು. "ಊರಲ್ಲಿ ದಿನ ತುಂಬಿದ ಬಸುರೇರು ಯಾರಾದ್ರೂ ಅವ್ರಾ? ನಿಜ ಹೇಳು. ಇವತ್ತೋ ನಾಳೆನೋ ಹೆರೋರು?"

ದೊಡ್ಡಮ್ಮ ಬೆರಳು ಮಡಿಸಿ ಎಣಿಸಿದಳು. "ಇಲ್ಲ. ಹತ್ತಿರದ್ದು ಅಂದ್ರೆ ಕುಂಬಾರಗೇರಿ ಹುಡುಗಿ, ಅದೂ ಇನ್ನು ಎರಡು ತಿಂಗಳು."

"ಹಂಗಾದ್ರೆ ನಡಿ" ಎಂದು ನನ್ನ ಕಡೆ ತಿರುಗಿದರು.

ಕಚೇರಿಯಲ್ಲಿ ಹನುಮಕ್ಕ ಉಗುರಿನಿಂದ ಬೊಟ್ಟು ಕಿತ್ತು ಮೇಜಿನ ಅಂಚಿಗೆ ಅಂಟಿಸಿದರು. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡು, ಬಲಗೈಯಲ್ಲಿ ಕೀಲಿ ಒತ್ತಿದರು. ಹಸಿರು ಅಕ್ಷರ ಮಾಯವಾಯಿತು. ಹೊರಗೆ ಹಲಗೆಯ ಮೇಲಿದ್ದ ಗುರುವಾರ ತಾನಾಗಿ ಪುಡಿಪುಡಿಯಾಗಿ ಉದುರುವುದು ಕಿಟಕಿಯಿಂದ ಕಂಡಿತು. ಬೀದಿಯಲ್ಲಿ ಹೋಗುತ್ತಿದ್ದವರು ಎಲ್ಲಿಗೆ ಹೊರಟಿದ್ದೆವೆಂದು ಮರೆತವರಂತೆ ನಿಂತುಬಿಟ್ಟರು. ನನ್ನ ಮಣಿಕಟ್ಟು ನೋಯುತ್ತಿತ್ತು. ಹತ್ತು ಸಲ ಉಸಿರಾಡಿರಬಹುದು. ಆಮೇಲೆ ಹೊರಗಿನ ಪರದೆಯ ಸೊನ್ನೆ ಅಳಿದು ಫೈಲು ತೆರೆಯಿತು. ಒಂದಲ್ಲ, ಹತ್ತು ಸಾಲು. ಶುಕ್ರವಾರ, ಮಂಗಳವಾರ, ಮತ್ತೆ ಮಂಗಳವಾರ, ಸೋಮವಾರ, ಹೀಗೆ ಕೆಳಕ್ಕೆ. ಹತ್ತು ಸಂಜೆ ಒಳಗಿನದು ತಪ್ಪದೆ ಬರೆದಿತ್ತು, ಪಾಪದ್ದು.

"ಕೊನೇದು ಇವತ್ತಿಂದು" ಎಂದೆ. "ಅದನ್ನೇ ಹಲಗೆಗೆ ಹಾಕಿ, ನೇರ ಹನ್ನೊಂದಕ್ಕೆ ಹೋಗಿಬಿಡ್ತೀವಿ."

"ಮಧ್ಯದ್ದೆಲ್ಲ?" ಎಂದರು ಹನುಮಕ್ಕ. "ಮೊದಲ ನೀರಿಲ್ದೆ, ಬಿಸಿಲಿಲ್ದೆ ಹೆಸರಿಡಾಕೆ ನಿನ್ ದೊಡ್ಡಮ್ಮ ಬಿಡ್ತಾಳಾ? ಬೋರಲಿಂಗಯ್ಯ ಉಣ್ಣಬೇಕಾದ ದಿನಗಳು ಏನಾಗಬೇಕು? ಒಂದು ದಿನಾನೂ ನಾನು ನುಂಗಾಕಿಲ್ಲ. ಹತ್ತೂ ಹೊಡೀತೀನಿ. ಒಂದೊಂದಕ್ಕೆ ಒಂದು ಎಸರು ಅನ್ನ ಬೇಯೋವಷ್ಟು ಹೊತ್ತು. ಊರಿಗೆ ಹೇಳಿ ಬಾ."

ನಾನು ಬೀದಿ ಬೀದಿ ಕೂಗಿಕೊಂಡು ಓಡಿದೆ. ಮೊದಲ ಗಂಟೆಗೆ ಶುಕ್ರವಾರವಾಯಿತು. ಹೆಂಗಸರು ಹೊಸ್ತಿಲು ತೊಳೆದು ಅರಿಸಿನ ಹಚ್ಚುವಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅದರಲ್ಲಿ ಜಯಸುಧಾಳ ಗಂಡ ಇದ್ದ, ಹೊಳೆಯಾಚೆ ಊರಿನ ಮೇಷ್ಟ್ರು, ಕೈಯಲ್ಲಿ ಬಾಡಿದ ಮಲ್ಲಿಗೆಯ ಪೊಟ್ಟಣ. ಬೋರಲಿಂಗಯ್ಯ ಜಗಲಿಯಲ್ಲೇ ಎಲೆ ಹಾಕಿಸಿಕೊಂಡು ಕೂತರು. ಎರಡನೆಯ ಗಂಟೆಗೆ ಮೂರನೆಯ ದಿನ. ದೊಡ್ಡಮ್ಮ ಹಂಡೆಯ ನೀರು ಸುರಿಯುತ್ತ ಅಳುತ್ತಿದ್ದಳು, ಹೊಗೆ ಕಣ್ಣಿಗೆ ಹೋಯಿತು ಎನ್ನುತ್ತಿದ್ದಳು. ಮೆಣಸಿನ ಸಾರು ಅನ್ನವನ್ನು ಜಯಸುಧಾ ತಟ್ಟೆ ಒರೆಸಿ ಉಂಡಳು. ಮೂರನೆಯ ಗಂಟೆಯ ಮಂಗಳವಾರದಲ್ಲಿ ಇನ್ನೊಂದು ತಟ್ಟೆ, ತುಪ್ಪ ಹಾಕಿ.

ನಾಲ್ಕನೆಯ ಗಂಟೆ ಹೊಡೆಯಿತು. ಸೋಮವಾರ, ಮಗುವಿನ ಐದನೆಯ ದಿನ. ಜಯಸುಧಾ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಎದೆಗೊತ್ತಿ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು. ಬೆಳಕಿಗೆ ಕಣ್ಣು ಬಿಡಲಾರದೆ ಒಂದು ಕ್ಷಣ ತೂಗಾಡಿದಳು, ಗಂಡ ಭುಜ ಹಿಡಿದ. ಆಮೇಲೆ ನೆಟ್ಟಗೆ ನಿಂತಳು. ಮಗು ಮುಖ ಸಿಂಡರಿಸಿ, ಒಂದು ಸೀನು ಸೀನಿ, ಸುಮ್ಮನಾಯಿತು. ದೊಡ್ಡಮ್ಮ ಶಾಸ್ತ್ರ ಮುಗಿಸಿ ಅವಸರಪಡಿಸಿದಳು, "ಆಯ್ತು ಒಳಗೆ ಬಾ, ಇನ್ನೇನು ಮುಂದಿನ ಗಂಟೆ ಹೊಡೀತದೆ, ಆರನೇ ದಿನ ಹೊರಗೆ ಇರಂಗಿಲ್ಲ."

ಜಯಸುಧಾ ಕದಲಲಿಲ್ಲ. ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದಳು. "ಅಕ್ಕ" ಎಂದಳು, "ಈ ದಿನ ಇನ್ನೊಂದು ಸ್ವಲ್ಪ ಇರ್ಲಿ ಅಂತ ಹೇಳ್ತೀಯಾ?"

ನಾನು ಸೀರೆ ಎತ್ತಿಕಟ್ಟಿ ಓಡಿದೆ. ನನ್ನ ವಯಸ್ಸಿಗೆ ಹಾಗೆ ಓಡಬಾರದು. ಕಚೇರಿ ಮುಟ್ಟುವಾಗ ಹನುಮಕ್ಕ ಐದನೆಯ ಸಾಲನ್ನು ಹಲಗೆಗೆ ಇಳಿಸಲು ಸೀಮೆಸುಣ್ಣ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಗಂಟೆಯ ಹಗ್ಗ.

"ತಡೀರಿ ಅಕ್ಕ" ಎಂದೆ, ಉಸಿರು ಸಿಗದೆ. "ನನ್ ತಂಗಿ ಬಿಸಿಲಲ್ಲಿ ನಿಂತವ್ಳೆ. ಒಳಗೆ ಬರಾಕೆ ಮನಸಿಲ್ಲ ಅವಳಿಗೆ."

ಹನುಮಕ್ಕ ನನ್ನನ್ನು ನೋಡಿದರು, ಹಲಗೆ ನೋಡಿದರು. ಸೀಮೆಸುಣ್ಣವನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗವನ್ನು ಗೋಡೆಯ ಮೊಳೆಗೆ ಸುತ್ತಿದರು. ಮೆಟ್ಟಿಲ ಮೇಲೆ ಕೂತು ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಬಾ, ಕೂತ್ಕೋ" ಎಂದರು. "ಅವಳಿಗೆ ಸಾಕು ಅನ್ನಿಸಿದಾಗ ಹೊಡೆದರಾಯ್ತು."